ಖಂಡೇರಿಯ ದೀಪಸ್ತಂಭ

ನಮ್ಮಲ್ಲಿ ಅನೇಕರ ಹಿರಿಯರು ಮಂಗಳೂರು, ಕಾರವಾರಗಳ ಕಡೆಯಿಂದ ಹಡಗಿನಲ್ಲಿ ಮುಂಬಯಿಗೆ ಬಂದವರು. ರಾತ್ರಿಯ ಹೊತ್ತು ಬಂದರು ಸಮೀಪಿಸಿತೆಂದು ಅಂಥ ಹಡಗುಗಳಿಗೆ ತಿಳಿಸುತ್ತಿದ್ದ ದೀಪಗಳಲ್ಲಿ ಖಂಡೇರಿ ದ್ವೀಪದ ದೀಪವೂ ಒಂದು.

ಖಂಡೇರಿ ಇರುವುದು ಮುಂಬಯಿಗೆ ದಕ್ಷಿಣದಲ್ಲಿ ಸುಮಾರು 20 ಕಿಲೋಮೀಟರು ದೂರ, ಅಲಿಬಾಗದ ಬಳಿಯ ಥಳ ಎಂಬ ಊರಿನ ಎದುರು ಕಡಲಿನಲ್ಲಿ. ಬಂದರಿನ ಬಾಗಿಲಿಗೆ ಕಾವಲು ನಿಂತಂತಿರುವ ಈ ಸ್ಥಾನವೇ ಅದಕ್ಕೆ ಯುದ್ಧವನ್ನು ತಂದಿತು. 1679ರಲ್ಲಿ ಶಿವಾಜಿ ಮಹಾರಾಜರು ಇಲ್ಲಿ ಕೋಟೆ ಕಟ್ಟಿಸತೊಡಗಿದರು. ಮುಂಬಯಿಯ ಆಂಗ್ಲರು ಹಡಗು ಕಳುಹಿಸಿ ತಡೆಯಲೆತ್ನಿಸಿದರೂ ಕೆಲಸ ನಿಲ್ಲಲಿಲ್ಲ. ಜಂಜೀರದ ಸಿದ್ದಿಗಳು ಪಕ್ಕದ ಉಂದೇರಿ ದ್ವೀಪವನ್ನು ಹಿಡಿದು ಎದುರಾಳಿಗಳಾಗಿ ಕುಳಿತರು. 1718ರಲ್ಲಿ, ಕಾನ್ಹೋಜಿ ಆಂಗ್ರೆಯ ಕಾಲದಲ್ಲಿ, ಆಂಗ್ಲರು ಮತ್ತೆ ಖಂಡೇರಿಯನ್ನು ಮುತ್ತಿ ಬರಿಗೈಯಲ್ಲಿ ಮರಳಿದರು. ಪೇಶ್ವೆಯ ಆಳ್ವಿಕೆ 1818ರಲ್ಲಿ ಮುಗಿದ ತರುವಾಯ ದ್ವೀಪ ಅವರ ಕೈಸೇರಿತು.

ಆ ಕೋಟೆಯೊಳಗೇ 1867ರಲ್ಲಿ ದೀಪಸ್ತಂಭ ಎದ್ದಿತು. ಅಷ್ಟು ಹೊತ್ತಿಗೆ ಮುಂಬಯಿಯ ಹತ್ತಿ ವ್ಯಾಪಾರ ಬೆಳೆದು, ಹಡಗುಗಳ ಓಡಾಟ ಹೆಚ್ಚಿತ್ತು. ಕತ್ತಲಲ್ಲಿ ದಾರಿ ತಪ್ಪಿ ಬಂಡೆಗೆ ಬಡಿದರೆ ಸರಕಿನೊಡನೆ ಜೀವಗಳೂ ಹೋಗುತ್ತಿದ್ದವು.

ಒಂದು ದೀಪ ಅಷ್ಟು ದೂರ ಕಾಣುವುದು ಹೇಗೆ? ಬರಿಯ ದೀಪದ ಬೆಳಕು ಮೇಲೆ, ಕೆಳಗೆ ಚೆದುರಿ ವ್ಯರ್ಥವಾಗುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಗಾಜಿನ ಪಟ್ಟಕಗಳನ್ನು ಬಳೆಗಳಂತೆ ಜೋಡಿಸಿ, ಚೆದುರುವ ಬೆಳಕನ್ನೆಲ್ಲ ಬಾಗಿಸಿ ಕಡಲಿನ ಕಡೆಗೇ ಹರಿಸುವ ಮಸೂರವನ್ನು ಮಾಡಿದನು. ಅಂಥ ಮಸೂರವನ್ನು ದೀಪದ ಸುತ್ತ ತಿರುಗಿಸಿದರೆ ದೂರದ ನಾವಿಕನಿಗೆ ಬೆಳಕು ಮಿಂಚಿ ಮಿಂಚಿ ಕಾಣುತ್ತದೆ. ಒಂದೊಂದು ಸ್ತಂಭಕ್ಕೆ ಮಿಂಚುವ ಲೆಕ್ಕ ಬೇರೆ. 1901ರ ಕಾಪು ದೀಪಸ್ತಂಭಕ್ಕೂ ಕಾರವಾರದೆದುರಿನ ದೇವಗಡ ದ್ವೀಪದ ದೀಪಕ್ಕೂ ತಮ್ಮ ತಮ್ಮ ಗುರುತುಂಟು. ಮಿಂಚುಗಳನ್ನೆಣಿಸಿ, ನಡುವಣ ಸೆಕೆಂಡುಗಳನ್ನು ಅಳೆದು, ಪಟ್ಟಿಯೊಡನೆ ಹೋಲಿಸಿದರೆ ತಾನೆಲ್ಲಿದ್ದೇನೆಂದು ನಾವಿಕನಿಗೆ ತಿಳಿಯುತ್ತದೆ. ಒಂದು ದೀಪವನ್ನು ಇನ್ನೊಂದೆಂದು ಭ್ರಮಿಸಿದರೆ ಅಪಾಯ ತಪ್ಪಿದ್ದಲ್ಲ.

ಕೋಟೆಯ ಫಿರಂಗಿ ಶತ್ರುವನ್ನು ದೂರವಿಡಲು ಇದ್ದದ್ದು. ದೀಪಕ್ಕೆ ಅಂಥ ಭೇದವಿಲ್ಲ. ದೊಡ್ಡ ಹಡಗಿಗೂ ಕೋಲಿ ಮೀನುಗಾರನ ದೋಣಿಗೂ ಅದು ಒಂದೇ ಬೆಳಕನ್ನು ಕೊಡುತ್ತದೆ. ಆ ಮೀನುಗಾರರು ಭಕ್ತಿಯಿಂದ ನಡೆದುಕೊಳ್ಳುವ ವೇತಾಳನ ಗುಡಿಯೂ ಅದೇ ದ್ವೀಪದಲ್ಲಿದೆ.

1998ರಲ್ಲಿ ದ್ವೀಪಕ್ಕೆ ಕಾನ್ಹೋಜಿ ಆಂಗ್ರೆಯ ಹೆಸರಿಡಲಾಯಿತು. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠಾ ಕೋಟೆಗಳಲ್ಲಿ ಖಂಡೇರಿಯೂ ಒಂದು.

ನೋಡಬೇಕೆನ್ನುವವರು ಕಾಂದಿವಲಿಯಿಂದ ಚರ್ಚ್‌ಗೇಟಿಗೆ ಹೋಗಿ, ಗೇಟ್‌ವೇಯಿಂದ ಲಾಂಚಿನಲ್ಲಿ ಮಾಂಡವಾ ಸೇರಿ, ಅಲ್ಲಿಂದ ರಸ್ತೆಯಲ್ಲಿ ಥಳಕ್ಕೆ ಹೋಗಬಹುದು. ಮುಂದಿನದು ದೋಣಿಯ ದಾರಿ. ಮಳೆಗಾಲದಲ್ಲಿ ಹೊರಡುವುದು ಬೇಡ. ಕಡಲು ಆಗ ಯಾರ ಮಾತನ್ನೂ ಕೇಳುವುದಿಲ್ಲ.