ಸಾಲ ಮೊದಲೋ, ಕಸುಬು ಮೊದಲೋ

ಸುಟ್ಟ ಪಂಪ್‌ಸೆಟ್ ಮೋಟಾರು ಬಿಚ್ಚಿದರೆ ಮೊದಲು ಮೂಗಿಗೆ ಬಡಿಯುವುದು ಕರಕಲು ವಾರ್ನಿಷ್ಷಿನ ವಾಸನೆ. ಹಳೆಯ ಕಾಯಿಲ್ ಕಿತ್ತೆಸೆಯುವ ಮುಂಚೆ ಎಷ್ಟು ಸುತ್ತು ಇದೆಯೆಂದು ಎಣಿಸಿ ಬರೆದುಕೊಳ್ಳಬೇಕು, ತಂತಿಯ ಗೇಜ್ ಅಳೆಯಬೇಕು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ದಾಟಿದೆ ಎಂದು ಗುರುತು ಹಾಕಿಕೊಳ್ಳಬೇಕು. ಆಮೇಲೆ ಹೊಸ ಪೇಪರ್ ಕೂರಿಸಿ, ತಾಮ್ರದ ತಂತಿ ಸುತ್ತಿ ಇಳಿಸಿ, ದಾರದಿಂದ ಬಿಗಿದು, ವಾರ್ನಿಷ್ ಕುಡಿಸಿ ಒಣಗಿಸಬೇಕು. ಕೊಳವೆಬಾವಿಗೆ ಇಳಿಯುವ ಸಬ್‌ಮರ್ಸಿಬಲ್ ಮೋಟಾರಾದರೆ ಲೆಕ್ಕವೇ ಬೇರೆ. ಅದು ನೀರಿನಲ್ಲೇ ಮುಳುಗಿರುವುದರಿಂದ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು, ವಾರ್ನಿಷ್ಷಿನ ಗೊಡವೆ ಇಲ್ಲ. ಸುತ್ತಿನ ಲೆಕ್ಕ ತಪ್ಪಿದರೆ ಮೋಟಾರು ಕಾದು ಮತ್ತೆ ಸುಡುತ್ತದೆ, ರೈತನ ಬೆಳೆ ಒಣಗುತ್ತದೆ.

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಇಂಥ ಕಸುಬುಗಳನ್ನು ಕಲಿಸಲೆಂದೇ 1982ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಹೆಸರು ಗ್ರಾಮೀಣ ಅಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ. ಜನರ ಬಾಯಲ್ಲಿ ರುಡ್‌ಸೆಟ್. ಕಟ್ಟಿದವರು ಮೂವರು: ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್. ಶುಲ್ಕವಿಲ್ಲ. ಊಟ, ವಸತಿ ಅಲ್ಲಿಯದೇ. ಕೆಲವು ವಾರಗಳಲ್ಲಿ ಕಸುಬು ಕಲಿತ ಹುಡುಗ ಅಥವಾ ಹುಡುಗಿ, ಅಂಗಡಿ ಹಾಕಲು ಹಣ ಬೇಕೆಂದರೆ ಬ್ಯಾಂಕಿನ ಬಾಗಿಲಿಗೆ ಹೋಗುತ್ತಾರೆ.

ಅದಾದ 17 ವರ್ಷಕ್ಕೆ, 1999ರಲ್ಲಿ, ಇನ್ನೊಂದು ಕೆಲಸಕ್ಕಾಗಿ ಅದೇ ಕೆನರಾ ಬ್ಯಾಂಕಿನ ಹೆಸರು ಮುಂದೆ ಬಂತು. ಕಾಲೇಜು ಓದಿಗೆ ದೇಶದ ಬ್ಯಾಂಕುಗಳೆಲ್ಲ ಒಂದೇ ಮಾದರಿಯಲ್ಲಿ ಸಾಲ ಕೊಡುವುದು ಹೇಗೆಂದು ನೋಡಲು ಭಾರತೀಯ ಬ್ಯಾಂಕುಗಳ ಸಂಘ ಒಂದು ಅಧ್ಯಯನ ತಂಡ ರಚಿಸಿತು. ತಂಡದ ಅಧ್ಯಕ್ಷರು ಕೆನರಾ ಬ್ಯಾಂಕಿನ ಆಗಿನ ಮುಖ್ಯಸ್ಥ ಆರ್.ಜೆ. ಕಾಮತ್. ಇಂದು ಲಕ್ಷಾಂತರ ಮನೆಗಳ ಕಂತಿನ ಪಟ್ಟಿಯಲ್ಲಿ ಕೂತಿರುವ ಶಿಕ್ಷಣ ಸಾಲದ ಮೂಲ ಅಲ್ಲಿದೆ. ಒಂದು ಕಡೆ ಕಲಿಕೆ ಮೊದಲು, ಸಾಲ ಆಮೇಲೆ. ಇನ್ನೊಂದು ಕಡೆ ಸಾಲ ಮೊದಲು, ಕಲಿಕೆ ಆಮೇಲೆ. ಎರಡರಲ್ಲೂ ಕರಾವಳಿಯ ಕೈ ಇದೆ.

ಕರಾವಳಿಯಲ್ಲಿ ಶಾಲೆ ಮತ್ತು ಬ್ಯಾಂಕು ಒಂದೇ ಮನೆಯ ಮಕ್ಕಳಂತೆ ಬೆಳೆದವು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲ್ ತೆರೆದರು. ಹದಿನೈದು ವರ್ಷದ ಬಳಿಕ, 1906ರಲ್ಲಿ, ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರುಮಾಡಿದರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ್ದು ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದಿನ ಸಿಂಡಿಕೇಟ್ ಬ್ಯಾಂಕ್. ಕೈಮಗ್ಗ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ಕೈಸಾಲ ಕೊಡುವುದು ಅದರ ಮೊದಲ ಗುರಿ. 1928ರಲ್ಲಿ ಬಂದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಏಜೆಂಟರು ಮನೆಮನೆಗೆ, ಅಂಗಡಿಯಿಂದ ಅಂಗಡಿಗೆ ಹೋಗಿ ದಿನಕ್ಕೆ ಎರಡೆರಡು ಆಣೆ ಒಟ್ಟುಮಾಡಿದರು. ಆ ಚಿಲ್ಲರೆ ಕಾಸೇ ಬ್ಯಾಂಕಿನ ಬಲವಾಯಿತು.

ಮಣಿಪಾಲದ ಕಥೆಯಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಪುಟವಿದೆ. ಇಂದು ದುಬಾರಿ ಪದವಿಗಳ ಊರೆಂದು ಹೆಸರಾದ ಆ ಗುಡ್ಡದಲ್ಲಿ ಇದೇ ಟಿ.ಎಂ.ಎ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದುದು ಕಾಲೇಜು ಮೆಟ್ಟಿಲು ಹತ್ತಲಾಗದ ಹುಡುಗರಿಗೆ ಕಸುಬು ಕಲಿಸುವುದು. ಕಸ್ತೂರ್‌ಬಾ ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ, ಎಂಜಿನಿಯರಿಂಗ್ ಕಾಲೇಜು 1957ರಲ್ಲಿ. ಸರ್ಕಾರದ ಹಣಕ್ಕೆ ಕಾಯದೆ, ವಿದ್ಯಾರ್ಥಿಗಳಿಂದಲೇ ಹಣ ಎತ್ತಿ ವೃತ್ತಿಶಿಕ್ಷಣ ಕೊಡಬಹುದೆಂಬ ದಾರಿ ಅಲ್ಲಿ ತೆರೆಯಿತು. ಆ ದಾರಿಯಲ್ಲಿ ಸಾವಿರಾರು ಮಕ್ಕಳು ಡಾಕ್ಟರು, ಎಂಜಿನಿಯರು ಆದರು. ಅದೇ ದಾರಿಯಲ್ಲಿ, ಸೀಟಿಗಾಗಿ ಕಟ್ಟುವ ಹೆಚ್ಚುವರಿ ಹಣಕ್ಕೆ ಕ್ಯಾಪಿಟೇಷನ್ ಎಂಬ ಪದವೂ ರಾಜ್ಯದ ಹಳ್ಳಿಹಳ್ಳಿಗೆ ನಡೆದು ಬಂತು.

1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾಯ್ದೆ ತಂದಿತು. ಅದರಡಿ 1989ರಲ್ಲಿ ಹೊರಬಿದ್ದ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟಿನಲ್ಲಿ ರಾಜ್ಯದ ವಿದ್ಯಾರ್ಥಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಖಾಸಗಿ ಕಾಲೇಜೊಂದಕ್ಕೆ ಅರ್ಜಿ ಹಾಕಿದಾಗ, ಮೊದಲ ವರ್ಷದ 60,000 ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ತನ್ನಿ ಎಂಬ ಷರತ್ತು ಬಂತು. ಅವರ ತಂದೆಗೆ ಅದು ಆಗದ ಮಾತು. ಮೋಹಿನಿ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರ ತೀರ್ಪು ಕ್ಯಾಪಿಟೇಷನ್ ಶುಲ್ಕವನ್ನು ಕಾನೂನುಬಾಹಿರ ಎಂದಿತು. ಮರುವರ್ಷ ಅದೇ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಎರಡು ಬಗೆ ಮಾಡಿತು. 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಬಂತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಏರ್ಪಾಟನ್ನೂ ಮುರಿದು, ಶುಲ್ಕ ನಿಗದಿಯಲ್ಲಿ ಖಾಸಗಿ ಸಂಸ್ಥೆಗಳಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು.

ತೀರ್ಪುಗಳು ಬದಲಾದವು. ಮೀರತ್‌ನ ಆ ತಂದೆಯ ತಾಪತ್ರಯ ಹಾಗೇ ಉಳಿಯಿತು. ಹಣ ಎಲ್ಲಿಂದ ತರುವುದು?

ಕೇಂದ್ರ ಸರ್ಕಾರ 1963ರಲ್ಲೇ ಬಡ ಪ್ರತಿಭಾವಂತರಿಗೆ ಬಡ್ಡಿಯಿಲ್ಲದ ಸಾಲ ವಿದ್ಯಾರ್ಥಿವೇತನ ತಂದಿತ್ತು. ಅದು ಸಣ್ಣ ಮೊತ್ತದ ಯೋಜನೆ. 2001ರಲ್ಲಿ ಬಂದದ್ದು ದೊಡ್ಡ ಬದಲಾವಣೆ. ಕಾಮತ್ ತಂಡದ ವರದಿಯ ಮೇಲೆ ಸಿದ್ಧವಾದ ಮಾದರಿ ಯೋಜನೆಯನ್ನು ಜಾರಿಮಾಡುವಂತೆ ಆ ವರ್ಷದ ಏಪ್ರಿಲ್ 28ರಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಬರೆಯಿತು. ಆಗಿನ ಮಿತಿ ದೇಶದೊಳಗಿನ ಓದಿಗೆ 7.5 ಲಕ್ಷ, ವಿದೇಶಕ್ಕೆ 15 ಲಕ್ಷ; 4 ಲಕ್ಷದವರೆಗೆ ಅಡಮಾನ ಬೇಡ. ಕೋರ್ಸು ಮುಗಿದ ಒಂದು ವರ್ಷಕ್ಕೆ ಅಥವಾ ಕೆಲಸ ಸಿಕ್ಕ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಕಂತು ಶುರು. ಭೂಮಿ ಇಲ್ಲದವರ, ಜಾಮೀನು ಹಾಕಲು ಯಾರೂ ಇಲ್ಲದವರ ಮಕ್ಕಳು ಮೊದಲ ಸಲ ಬ್ಯಾಂಕಿಗೆ ನೇರವಾಗಿ ಹೋಗಿ ಓದಿಗೆ ಹಣ ಕೇಳುವಂತಾಯಿತು. ಇದನ್ನು ಸಣ್ಣ ಸಾಧನೆ ಎನ್ನಲಾಗದು. ಎಷ್ಟೋ ಮನೆಗಳ ಮೊದಲ ಪದವೀಧರೆ ಈ ಸಾಲದಿಂದಲೇ ಓದಿದವಳು.

ಆದರೆ ಆ ಅರ್ಜಿಯ ಕೊನೆಯ ಪುಟದಲ್ಲಿ ಇಬ್ಬರ ಸಹಿ ಇರುತ್ತದೆ. ಹದಿನೆಂಟರ ಮಗಳ ಪಕ್ಕದಲ್ಲಿ ಸಹಸಾಲಗಾರನಾಗಿ ಅಪ್ಪನೂ ಹೆಸರು ಬರೆಯುತ್ತಾನೆ. ಬಡ್ಡಿಯ ಲೆಕ್ಕ ಆ ಹೊತ್ತಿಗೆ ಇಬ್ಬರಿಗೂ ದೂರದ ಮಾತು. ಶೇ 10ರ ಬಡ್ಡಿಯಲ್ಲಿ ನಾಲ್ಕು ವರ್ಷದ ಕೋರ್ಸಿಗೆ ವರ್ಷಾರಂಭಕ್ಕೆ ಒಂದೊಂದು ಲಕ್ಷ ತೆಗೆದರೆ, ಕೋರ್ಸು ಮುಗಿದು ಒಂದು ವರ್ಷ ಕಳೆಯುವ ಹೊತ್ತಿಗೆ ಸರಳ ಬಡ್ಡಿಯೇ 1.40 ಲಕ್ಷ. ತೀರಿಸಬೇಕಾದದ್ದು 5.40 ಲಕ್ಷ. ಏಳು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 8,960 ರೂಪಾಯಿ. ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದವರಿಗೆ ಓದಿನ ಕಾಲದ ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿ ಭರಿಸುವ ಕೇಂದ್ರದ ಯೋಜನೆ 2009ರಲ್ಲಿ ಬಂತು. ಅದು ಸಿಕ್ಕವರಿಗೆ ಆ 1.40 ಲಕ್ಷದ ಹೊರೆ ಇಳಿಯುತ್ತದೆ. ಮೊದಲ ಕೆಲಸದ ಸಂಬಳ ಬೆಂಗಳೂರಿನ ಪಿಜಿ ಬಾಡಿಗೆಗೂ ಬಸ್ ಪಾಸಿಗೂ ಸರಿಹೋಗುವಷ್ಟಿದ್ದರೆ, ಉಳಿದ ಅಸಲನ್ನು ಊರಿನ ಅಡಿಕೆಯೋ ಹಾಲಿನ ಡೇರಿಯೋ ಕಟ್ಟುತ್ತದೆ.

ಇತ್ತ ಕೈಕಸುಬಿನ ಕಲಿಕೆಗೆ ಸಾಲದ ಸೋಂಕು ಬಹುಕಾಲ ಇರಲಿಲ್ಲ. ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಬಂತು. ಅದರಡಿ ಐಟಿಐಗಳು ಎದ್ದವು. 1956ರಲ್ಲಿ ಅವುಗಳ ಆಡಳಿತ ರಾಜ್ಯಗಳ ಕೈಗೆ ಬಂತು. ಫಿಟ್ಟರ್ ಹುಡುಗನ ಮೊದಲ ತಿಂಗಳುಗಳು ಇಂದಿಗೂ ಹಾಗೇ ಇವೆ. ಕಬ್ಬಿಣದ ತುಂಡನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜುವುದು, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುವುದು. ಅಂಚಿನಡಿ ಬೆಳಕಿನ ಗೆರೆ ನುಸುಳಿದರೆ ಮತ್ತೆ ಉಜ್ಜುವುದು. ಅಂಗೈ ಬೊಬ್ಬೆ ಬಂದು, ಬೊಬ್ಬೆ ಒಡೆದು ಗಟ್ಟಿಯಾಗುವ ಹೊತ್ತಿಗೆ ಕಣ್ಣಿಗೆ ಮಟ್ಟ ತಿಳಿಯುತ್ತದೆ.

ಬೆಂಗಳೂರಿಗೆ ಆ ಕೈಗಳು ಬೇಕಿದ್ದವು. 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಐಟಿಐ ಮುಗಿಸಿದವನು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಕಾಯಂ ಆಗಿ, ಕ್ವಾರ್ಟರ್ಸ್ ಪಡೆದು, ಕ್ಯಾಂಟೀನಿನ ಊಟ ಉಂಡು, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರಿದರು. ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಸೊರಗಿದಂತೆ ಐಟಿಐಯ ಮರ್ಯಾದೆಯೂ ಸೊರಗಿತು. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದವರ ಜಾಗ ಎಂಬ ಹಣೆಪಟ್ಟಿ ಅಂಟಿತು. ಈ ಹಣೆಪಟ್ಟಿ ಅನ್ಯಾಯದ್ದು; ಮಕ್ಕಳನ್ನು ಸಾಲಕ್ಕೆ ನೂಕಿದ್ದರಲ್ಲಿ ಶುಲ್ಕದಷ್ಟೇ ಪಾಲು ಇದರದ್ದೂ ಇದೆ.

ಅಂಕಕ್ಕಿಂತ ಕೈಯ ಕಡೆಗೆ ನೋಡಿದ ಸಂಸ್ಥೆಗಳೂ ರಾಜ್ಯದಲ್ಲಿ ಇದ್ದವು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ತೆರೆದ ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರ ಅಚ್ಚು ಮತ್ತು ಡೈ ಮಾಡುವವರನ್ನು ತಯಾರಿಸುತ್ತ ಬಂದಿದೆ. ಬಿಡದಿಯಲ್ಲಿ 2007ರಲ್ಲಿ ಟೊಯೊಟಾ ಸ್ಥಾಪಿಸಿದ ತಾಂತ್ರಿಕ ತರಬೇತಿ ಸಂಸ್ಥೆ, ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳನ್ನು ಆರಿಸಿ ಮೂರು ವರ್ಷ ವೆಲ್ಡಿಂಗ್, ಪೇಂಟ್, ಜೋಡಣೆ, ಮೆಕಟ್ರಾನಿಕ್ಸ್ ಕಲಿಸುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 4,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಲಾಗಿದ್ದು, 2022ರ ಜೂನ್‌ನಲ್ಲಿ ಅವು ಲೋಕಾರ್ಪಣೆಗೊಂಡವು. ದಾರಿ ಐಟಿಐಗೇ ನಿಲ್ಲುವುದೂ ಇಲ್ಲ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. 2019ರ ನಿಯಮ ಅಪ್ರೆಂಟಿಸ್‌ಗೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಕನಿಷ್ಠ ಸ್ಟೈಪೆಂಡ್ ಗೊತ್ತುಮಾಡಿತು. ಸಣ್ಣ ಹಣ, ನಿಜ. ಆದರೆ ಅದು ಮನೆಗೆ ಬರುವ ಹಣ.

ಈಗ ಎರಡೂ ದಾರಿಗಳ ನಡುವಿನ ಗೋಡೆ ಸವೆಯುತ್ತಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, ತನ್ನಡಿಯ ಅಡಮಾನ ಮತ್ತು ಜಾಮೀನಿಲ್ಲದ ಸಾಲವನ್ನು ಗುಣಮಟ್ಟದ ಪಟ್ಟಿಯಲ್ಲಿರುವ 860 ಸಂಸ್ಥೆಗಳಿಗೆ ಸೀಮಿತಗೊಳಿಸಿತು. ಎಲ್ಲ ಕಾಲೇಜೂ ಸಾಲಕ್ಕೆ ತಕ್ಕದ್ದಲ್ಲ ಎಂಬುದನ್ನು ಸರ್ಕಾರವೇ ಹೀಗೆ ಒಪ್ಪಿಕೊಂಡಂತಾಯಿತು. ಅದೇ ವರ್ಷದ ಜುಲೈನಲ್ಲಿ ಕೌಶಲ ಸಾಲದ ಮಿತಿ 1.5 ಲಕ್ಷದಿಂದ 7.5 ಲಕ್ಷಕ್ಕೆ ಏರಿತು. ಕಸುಬಿನ ಕಲಿಕೆಗೂ ದೊಡ್ಡ ಸಾಲ ಸಿಗುತ್ತದೆಂದರೆ, ದೊಡ್ಡ ಶುಲ್ಕ ಕೇಳುವವರೂ ಹುಟ್ಟಿಕೊಳ್ಳುತ್ತಾರೆ. ಎಂಜಿನಿಯರಿಂಗ್ ಸೀಟಿನ ವಿಷಯದಲ್ಲಿ ಕರ್ನಾಟಕ ಇದನ್ನು ಕಣ್ಣಾರೆ ಕಂಡಿದೆ. ವೆಲ್ಡಿಂಗ್, ವೈರಿಂಗ್ ಕಲಿಯುವ ಮಕ್ಕಳಿಗೆ ಅದು ಬರಬಾರದು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ರುಡ್‌ಸೆಟ್ ಉಳಿಯಿತು. ಅದರ ಅಚ್ಚಿನಲ್ಲೇ ಜಿಲ್ಲೆಗೊಂದು ತರಬೇತಿ ಸಂಸ್ಥೆ ಇರಲೆಂದು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಆರ್‌ಸೆಟಿ ಯೋಜನೆ ತಂದಿತು. ತರಬೇತಿ ವಾರಗಳದ್ದು, ಬೆನ್ನಹಿಂದೆ ನಿಲ್ಲುವುದು ಎರಡು ವರ್ಷ. ರಿವೈಂಡಿಂಗ್ ಕಲಿಯುವವರು ಕಾಯಿಲ್ ಕಟ್ಟುವುದರ ಜೊತೆಗೆ ಯೋಜನಾ ವರದಿ ಬರೆಯುವುದನ್ನೂ ಕಲಿಯುತ್ತಾರೆ: ಸುತ್ತುವ ಯಂತ್ರಕ್ಕೆ ಎಷ್ಟು, ತಾಮ್ರದ ತಂತಿಗೆ ಎಷ್ಟು, ಅಂಗಡಿಯ ಮುಂಗಡಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಮೋಟಾರು ಬಂದರೆ ಕಂತು ಕಟ್ಟಬಹುದು. ಸಾಲದ ಅರ್ಜಿಯ ಜೊತೆ ಆ ಹಾಳೆಯೂ ಬ್ಯಾಂಕಿಗೆ ಹೋಗುತ್ತದೆ.