ವಕೀಲರ ಬಾಗಿಲು ತಟ್ಟುವ ಮುನ್ನ

ಭಾನುವಾರದ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ದೇವಾಲಯದ ಅಂಗಳದಲ್ಲಿ ಒಬ್ಬ ತಾಯಿ ನಿಂತೇ ಇರುತ್ತಾರೆ. ತವರಿಗೆ ಮರಳಿದ ಮಗಳ ವಿಷಯ ಗಂಟಲಲ್ಲೇ ಉಳಿಯುತ್ತದೆ. ಕೊನೆಗೆ ಅವರು ಕೇಳುವುದು ಒಂದೇ ಪ್ರಶ್ನೆ: "ಒಳ್ಳೆಯ ವಕೀಲರು ಯಾರಿದ್ದಾರೆ?" ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ನಮ್ಮ ಕುಟುಂಬಗಳು ಕೆಲವೇ. ಆದುದರಿಂದ ಮರ್ಯಾದೆಗೆ ಅಂಜಿ ನಾವು ಈ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. ಆ ಮೌನದ ಬೆಲೆಯನ್ನು ಮಗಳು ತೆರುತ್ತಾಳೆ.

ವಿವಾಹವು ದೇವರು ಕೂಡಿಸಿದ ಬಂಧ. ಅದನ್ನು ಉಳಿಸುವ ಯತ್ನವೇ ಮೊದಲು ನಡೆಯಬೇಕು. ಆದರೆ ನ್ಯಾಯಬದ್ಧ ಹಕ್ಕು, ಮಕ್ಕಳ ಪಾಲನೆ, ಆಸ್ತಿಯ ರಕ್ಷಣೆಗೆ ಅನ್ಯ ಮಾರ್ಗವಿಲ್ಲದಿದ್ದಾಗ ಸಿವಿಲ್ ವಿಚ್ಛೇದನವನ್ನು ಸಹಿಸಬಹುದೆಂದು ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ. ಹೊಡೆತ ಬಡಿತಗಳಿರುವ ಮನೆಯಲ್ಲಿ ಮೊದಲು ಬೇಕಾದುದು ಜೀವರಕ್ಷಣೆ; 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅದಕ್ಕೆಂದೇ ಇದೆ.

ಇಲ್ಲಿ ಎರಡು ಬಾಗಿಲುಗಳಿವೆಯೆಂಬುದನ್ನು ಮರೆಯಬಾರದು. ಧರ್ಮಸಭೆಯ ನ್ಯಾಯಮಂಡಳಿ ವಿವಾಹವು ಆದಿಯಿಂದಲೇ ಅಸಿಂಧುವೆಂದು ಘೋಷಿಸಿದರೂ ಸರಕಾರದ ಕಾನೂನಿನಲ್ಲಿ ವಿವಾಹ ಮುರಿಯುವುದಿಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೀಗೆಂದಿತು. ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು ಧರ್ಮಸಭೆಯ ತೀರ್ಪಿಗೆ ಮಾನ್ಯತೆ ಕೋರಿದ್ದ ಅರ್ಜಿಯನ್ನು ಅದೇ ನ್ಯಾಯಾಲಯ 2017ರಲ್ಲಿ ವಜಾ ಮಾಡಿತು. ಹಾಗೆಯೇ, ನ್ಯಾಯಾಲಯದ ಡಿಕ್ರಿಯೊಂದರಿಂದಲೇ ದೇವಾಲಯದಲ್ಲಿ ಮರುವಿವಾಹ ಸಾಧ್ಯವಿಲ್ಲ. ಇದನ್ನರಿಯದೆ ಒಂದೇ ಕಾಗದ ಹಿಡಿದು ಮರುವಿವಾಹಕ್ಕೆ ಸಿದ್ಧರಾದವರು ಸಂಕಟಕ್ಕೆ ಸಿಲುಕುತ್ತಾರೆ.

ಆದುದರಿಂದ ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ಕ್ರೈಸ್ತರ ಪ್ರಕರಣ ನಡೆಸಿದ್ದೀರಾ?" ನಮಗೆ ಅನ್ವಯಿಸುವುದು ಹಿಂದೂ ವಿವಾಹ ಕಾಯಿದೆಯಲ್ಲ, 1869ರ ವಿಚ್ಛೇದನ ಕಾಯಿದೆ. ಹಿಂದೆ ಪತ್ನಿಯು ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಿದ್ಧಪಡಿಸಬೇಕಿತ್ತು. ಗಂಡನಿಗೆ ವ್ಯಭಿಚಾರವೊಂದೇ ಸಾಕಿತ್ತು. 2001ರ ತಿದ್ದುಪಡಿ ಈ ಅನ್ಯಾಯವನ್ನು ಅಳಿಸಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನೂ ತಂದಿತು. ಅದಕ್ಕೆ 2 ವರ್ಷ ಬೇರೆಯಾಗಿರಬೇಕೆಂದು ಕಾಯಿದೆಯಲ್ಲಿದ್ದರೂ, ಅದನ್ನು 1 ವರ್ಷವೆಂದು ಓದಿಕೊಳ್ಳಬೇಕೆಂದು ನಮ್ಮ ರಾಜ್ಯದ ಹೈಕೋರ್ಟು ತೀರ್ಪಿತ್ತಿದೆ. ಇದನ್ನು ಬಲ್ಲವರೋ ಅಲ್ಲವೋ ಎಂಬುದು ಮಾತಿನಲ್ಲೇ ತಿಳಿಯುತ್ತದೆ. ಅರ್ಜಿ ಯಾವ ನ್ಯಾಯಾಲಯಕ್ಕೆ ಹೋಗಬೇಕು, ತಾಲ್ಲೂಕಿನಿಂದ ಎಷ್ಟು ಸಲ ಓಡಾಡಬೇಕು ಎಂಬುದನ್ನೂ ಮೊದಲೇ ಕೇಳಬೇಕು.

ಶುಲ್ಕವನ್ನು ಮೊದಲ ದಿನವೇ ಬರೆಸಿಕೊಳ್ಳುವುದು, ಕೊಟ್ಟ ಹಣಕ್ಕೆ ರಸೀದಿ ಪಡೆಯುವುದು ಸಂಕೋಚದ ವಿಷಯವಲ್ಲ. ಗೆದ್ದರೆ ಬರುವ ಹಣದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ವಿವಾಹ ಪ್ರಮಾಣಪತ್ರದ ಮೂಲಪ್ರತಿ ಮನೆಯಲ್ಲಿರಲಿ, ನಕಲು ವಕೀಲರಿಗಿರಲಿ. ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ಮೂರು ತಿಂಗಳಲ್ಲಿ ಮುಗಿಸುತ್ತೇನೆಂದು ಭರವಸೆ ಕೊಡುವವರಿಗಿಂತ, ಇಬ್ಬರನ್ನೂ ಒಮ್ಮೆ ಕೂಡಿಸಿ ಮಾತಾಡಿಸೋಣ ಎನ್ನುವವರೇ ಲೇಸು. ಸುಳ್ಳು ಆರೋಪ ಬರೆಯೋಣವೆನ್ನುವವರಿಂದ ದೂರವಿರಬೇಕು. ಆ ಬರಹವನ್ನು ಮುಂದೊಂದು ದಿನ ಮಕ್ಕಳು ಓದುತ್ತಾರೆ.

ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಧರ್ಮಸಭೆಯ ಬಾಗಿಲಿಗೆ ದಾರಿ ತೋರುವವರು ನಮ್ಮ ಧರ್ಮಗುರುಗಳು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಎರಡನೆಯ ತೀರ್ಪಿನ ಕಡ್ಡಾಯವನ್ನು ತೆಗೆದುಹಾಕಿ ಆ ಪ್ರಕ್ರಿಯೆಯನ್ನು ಸರಳಗೊಳಿಸಿದರು. ಅದು ಸಾಧ್ಯವಾದಷ್ಟು ಉಚಿತವಾಗಿರಲೆಂದೂ ಬಯಸಿದರು.

ಅನಿವಾರ್ಯವಾಗಿ ವಿಚ್ಛೇದನ ಪಡೆದು ಮರುವಿವಾಹವಾಗದೆ ಬಾಳುವವರಿಗೆ ಪರಮಪ್ರಸಾದದ ಬಾಗಿಲು ಮುಚ್ಚಿಲ್ಲ. ಧರ್ಮಸಭೆ ಮುಚ್ಚದ ಬಾಗಿಲನ್ನು ನೆರೆಹೊರೆಯ ನಾಲಗೆ ಮುಚ್ಚದಿರಲಿ. ಅಂಗಳದಲ್ಲಿ ನಿಂತ ಆ ತಾಯಿಯ ಪಕ್ಕದಲ್ಲಿ ನಾವೂ ಒಂದಿಷ್ಟು ಹೊತ್ತು ನಿಲ್ಲೋಣ.