ದೊರೆಯಿಲ್ಲದ ಮೊಲ

ಜಪಾನಿನಲ್ಲಿ ಶಾಲೆ ಮುಗಿಸಿ, ಬಯಸಿದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗದೆ, ಮುಂದಿನ ವರ್ಷದ ಪ್ರವೇಶ ಪರೀಕ್ಷೆಗೆ ಓದುತ್ತಾ ಕೂತ ಹುಡುಗರನ್ನು ‘ರೋನಿನ್’ ಅನ್ನುತ್ತಾರೆ. ಪದ ಹಳೆಯದು, ಅರ್ಥ ‘ಅಲೆಯ ಮನುಷ್ಯ’. ದೊರೆ ಸತ್ತು ಅಥವಾ ದೊರೆಯ ಸೀಮೆ ಕೈತಪ್ಪಿ, ಅನ್ನ ಹಾಕುವವರಿಲ್ಲದೆ ಊರೂರು ಅಲೆಯುತ್ತಿದ್ದ ಸಮುರಾಯ್ ಯೋಧನಿಗೆ ಇದ್ದ ಹೆಸರು ಅದು. 1600ರ ಸೆಕಿಗಹಾರ ಯುದ್ಧದಲ್ಲಿ ಸೋತ ದೊರೆಗಳ ಸೀಮೆಗಳನ್ನು ಕಸಿದುಕೊಂಡಾಗ ಇಂಥವರು ಸಾವಿರ ಸಾವಿರ ಮಂದಿ ದಾರಿಗೆ ಬಿದ್ದರು.

ನಮ್ಮ ಹಿಡಕಲ್ ಕಡೆ, ಡಿಗ್ರಿ ಮುಗಿಸಿ ಎಫ್‌ಡಿಎ, ಪಿಡಿಒ, ಪಿಎಸ್‌ಐ ಅಂತ ಒಂದರ ಹಿಂದೊಂದು ಅರ್ಜಿ ಹಾಕುವ ನನ್ನಂಥವರಿಗೆ ಇಷ್ಟು ಚೆಂದದ ಹೆಸರಿಲ್ಲ. ‘ಖಾಲಿ ಅದಾನ’ ಅಂತಾರೆ, ಮುಗೀತು. ಮದುವೆ, ಜಾತ್ರೆ ಎಲ್ಲಿ ಹೋದರೂ ‘ಸದ್ಯ ಏನ್ ಮಾಡಾಕತ್ತೀಪಾ?’ ಎಂಬ ಪ್ರಶ್ನೆ. ಅದಕ್ಕೇ ಇರಬೇಕು, ಗೆಳೆಯನೊಬ್ಬ ಕೊಟ್ಟ ‘ಉಸಾಗಿ ಯೋಜಿಂಬೊ’ ಕಾಮಿಕ್ಸ್ ನನ್ನನ್ನು ಹಿಡಿದು ಕೂರಿಸಿತು.

ಉಸಾಗಿ ಅಂದರೆ ಮೊಲ, ಯೋಜಿಂಬೊ ಅಂದರೆ ಮೈಗಾವಲಿನವ. ಕಥಾನಾಯಕ ಮಿಯಾಮೊಟೊ ಉಸಾಗಿ ಎರಡು ಕತ್ತಿ ಸಿಕ್ಕಿಸಿಕೊಂಡು ನಡೆಯುವ ಮೊಲ. ಕಾಲ, ಹದಿನೇಳನೇ ಶತಮಾನದ ಶುರುವಿನ ಜಪಾನ್. ಅಡಾಚಿ ಬಯಲಿನ ಯುದ್ಧದಲ್ಲಿ ಅವನ ದೊರೆ ಮಿಫುನೆ ತನ್ನದೇ ಸೇನಾನಿಯೊಬ್ಬನ ದ್ರೋಹದಿಂದ ಸಾಯುತ್ತಾನೆ. ಅಲ್ಲಿಂದ ಉಸಾಗಿ ರೋನಿನ್. ಬೇರೆ ದೊರೆಯ ಬಾಗಿಲಿಗೆ ಓಡದೆ, ವಿದ್ಯೆಯನ್ನೂ ಮನಸ್ಸನ್ನೂ ಹದ ಮಾಡಿಕೊಳ್ಳುವ ಯೋಧರ ಅಲೆದಾಟಕ್ಕೆ ಹೊರಡುತ್ತಾನೆ. ಹೊಟ್ಟೆಪಾಡಿಗೆ ಸಿಕ್ಕಲ್ಲಿ ಕಾವಲು ಕೆಲಸ. ಕೆಲಸ ಮುಗಿಯಿತೋ, ಮತ್ತೆ ದಾರಿ.

ಬರೆಯುವವರು ಸ್ಟ್ಯಾನ್ ಸಕಾಯ್. 1953ರಲ್ಲಿ ಕ್ಯೋಟೊದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದವರು. ಮಿಯಾಮೊಟೊ ಮುಸಾಶಿ ಎಂಬ ನಿಜವಾದ ಕತ್ತಿವರಸೆಗಾರನ ಬದುಕಿನಿಂದ ಸ್ಫೂರ್ತಿ ಪಡೆದು ಮನುಷ್ಯ ನಾಯಕನನ್ನೇ ಬರೆಯಲು ಹೊರಟಿದ್ದರು. ಒಂದು ದಿನ ಸುಮ್ಮನೆ ಮೊಲವೊಂದನ್ನು ಗೀಚಿ, ಅದರ ಕಿವಿಗಳನ್ನು ಸಮುರಾಯ್ ಜುಟ್ಟಿನಂತೆ ಮೇಲೆ ಕಟ್ಟಿದರು. ಅಷ್ಟೇ, ನಾಯಕ ಸಿಕ್ಕಿಬಿಟ್ಟ. 1984ರಲ್ಲಿ ಮೊದಲ ಕಥೆ ಅಚ್ಚಾಯಿತು. ನಲವತ್ತು ವರ್ಷ ದಾಟಿದರೂ ಮೊಲ ಇನ್ನೂ ನಡೆಯುತ್ತಲೇ ಇದೆ.

ಮೊಲವೇ ಆದದ್ದು ನನಗಂತೂ ಅಚ್ಚರಿ ಅನಿಸಲಿಲ್ಲ. ನಾವು ಚಂದ್ರನನ್ನು ಶಶಿ, ಶಶಾಂಕ ಅನ್ನುವುದೇ ಅಲ್ಲಿ ಮೊಲ ಕಂಡಿದ್ದಕ್ಕೆ. ಜಪಾನಿನವರಿಗೂ ಅದೇ ಮೊಲ ಕಾಣುತ್ತದೆ, ಆದರೆ ಅದು ಅಲ್ಲಿ ಅಕ್ಕಿ ಕಡುಬಿಗೆ ಕುಟ್ಟುತ್ತಾ ನಿಂತಿರುತ್ತದೆ. ಅತಿಥಿಗೆ ಕೊಡಲು ಏನೂ ಇಲ್ಲದೆ ತಾನೇ ಬೆಂಕಿಗೆ ಹಾರಿದ ಮೊಲದ ಜಾತಕ ಕಥೆ ಬೌದ್ಧರ ಜೊತೆ ಇಲ್ಲಿಂದ ಅಲ್ಲಿಗೆ ಹೋದದ್ದು.

ಕಾರ್ಕಳದ ಅನಂತ ಪೈ 1967ರಲ್ಲಿ ಶುರು ಮಾಡಿದ ಅಮರ ಚಿತ್ರಕಥೆ ಓದಿ ಬೆಳೆದವರಿಗೆ ಇದು ಬೇರೆ ರುಚಿ. ಅಲ್ಲಿ ವೀರ ಹುಟ್ಟಿ, ಗೆದ್ದು, ಒಂದೇ ಪುಸ್ತಕದಲ್ಲಿ ಮುಗಿಯುತ್ತಾನೆ. ಇಲ್ಲಿ ಅವಸರವೇ ಇಲ್ಲ. ಗಾಳಿಪಟ ಮಾಡುವವನ ಕಥೆಯೊಂದಿದೆ. ಪಟ ಹೇಗೆ ತಯಾರಾಗುತ್ತದೆ ಎಂಬುದನ್ನು ಸಕಾಯ್ ಪಕ್ಕದಲ್ಲಿ ಕೂತು ನೋಡಿದವರಂತೆ ಬರೆದಿದ್ದಾರೆ. ಕತ್ತಿ ಝಳಪಿಸುವ ಪುಟಗಳಿಗಿಂತ ನನಗೆ ಅವೇ ಇಷ್ಟ. ನಮ್ಮ ಗೋಕಾಕದ ಮರದ ಗೊಂಬೆ ಮಾಡುವವರ ಕೈಕೆಲಸವನ್ನು ಯಾರಾದರೂ ಹೀಗೆ ಚಿತ್ರಕಥೆ ಮಾಡಬಾರದೇ ಅನಿಸಿತು. ಡ್ರಾಯಿಂಗ್ ಬರುವವರು ಗಮನಿಸಿ.

ನನಗೆ ಚುರುಕ್ ಅಂದದ್ದು ಬೇರೆ ಜಾಗದಲ್ಲಿ. ಅಲೆದಾಟದ ನಡುವೆ ಉಸಾಗಿ ತನ್ನ ಹಳ್ಳಿಗೆ ಬರುತ್ತಾನೆ. ಜೊತೆಗೇ ಬೆಳೆದ ಕೆನಿಚಿ ಈಗ ಊರ ಮುಖಂಡ. ಉಸಾಗಿ ಪ್ರೀತಿಸಿದ್ದ ಮರಿಕೊ ಅವನ ಹೆಂಡತಿ, ಅವರಿಗೊಬ್ಬ ಮಗ. ಹುಡುಗರಾಗಿದ್ದಾಗ ಇಬ್ಬರೂ ಕತ್ತಿವರಸೆ ಶಾಲೆಗೆಂದು ಒಟ್ಟಿಗೇ ಹೊರಟವರು. ದಾರಿಯಲ್ಲಿ ಉಸಾಗಿ ಮಾತ್ರ ಕಟ್ಸುಇಚಿ ಎಂಬ ಮುದಿ ಸಿಂಹದ ಹಿಂದೆ ಬಿದ್ದ. ಆ ಗುರು ಮೊದಲು ಒಲ್ಲೆನೆಂದರೂ ಬಿಡಲಿಲ್ಲ. ಒಬ್ಬನಿಗೆ ಮನೆ, ಹೊಲ, ಸಂಸಾರ; ಇನ್ನೊಬ್ಬನಿಗೆ ವಿದ್ಯೆ ಮತ್ತು ರಸ್ತೆ. ಯಾರದು ಸರಿ ಎಂದು ಸಕಾಯ್ ತೀರ್ಪು ಕೊಡುವುದಿಲ್ಲ. ಊರಲ್ಲಿ ಅವನಿಗೆ ಜಾಗವಿಲ್ಲ ಅಷ್ಟೇ. ಕ್ಲಾಸ್‌ಮೇಟ್‌ನ ಗೃಹಪ್ರವೇಶಕ್ಕೆ ಹೋಗಿ ಬಂದವರಿಗೆ ಆ ಪುಟಗಳನ್ನು ಬಿಡಿಸಿ ಹೇಳಬೇಕಿಲ್ಲ.

ಸಕಾಯ್ ಅವರದೂ ಸ್ವಲ್ಪ ರೋನಿನ್ ಬದುಕೇ. ಮೊಲದ ಜೊತೆಜೊತೆಗೇ ಬೇರೆಯವರ ಕಾಮಿಕ್ಸ್‌ಗೆ ಅಕ್ಷರ ಬರೆಯುವ ಕೆಲಸವನ್ನೂ ವರ್ಷಗಟ್ಟಲೆ ಮಾಡಿದರು. ಸರ್ಜಿಯೊ ಅರಗೋನೆಸ್ ಅವರ ‘ಗ್ರೂ’, ಪತ್ರಿಕೆಗಳ ಭಾನುವಾರದ ‘ಸ್ಪೈಡರ್‌ಮ್ಯಾನ್’ ಎಲ್ಲ ಅದರಲ್ಲಿ ಸೇರಿವೆ. ಪ್ರಕಾಶಕರು ಮತ್ತೆ ಮತ್ತೆ ಬದಲಾದರು: ಫ್ಯಾಂಟಾಗ್ರಾಫಿಕ್ಸ್, ಮಿರಾಜ್, 1996ರಿಂದ ಡಾರ್ಕ್ ಹಾರ್ಸ್, 2019ರಲ್ಲಿ ಐಡಿಡಬ್ಲ್ಯು, ಆಮೇಲೆ ತಿರುಗಿ ಡಾರ್ಕ್ ಹಾರ್ಸ್. ಕಥೆ, ಚಿತ್ರ, ಅಕ್ಷರ ಮಾತ್ರ ಅದೇ ಒಂದು ಕೈಯವು. ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ‘ಗ್ರಾಸ್‌ಕಟರ್’ ಕಥೆಗೆ ಬಂದದ್ದು 1999ರಲ್ಲಿ, ಮೊಲ ಹುಟ್ಟಿ ಹದಿನೈದು ವರ್ಷದ ಮೇಲೆ.

ಓದುವ ಮನಸ್ಸಿದ್ದರೆ ಮೊದಲ ಸಂಪುಟ ‘ದಿ ರೋನಿನ್’ನಿಂದ ಶುರು ಮಾಡಿ. ಇಂಗ್ಲಿಷ್ ಸರಳ, ನಮ್ಮಂಥವರಿಗೂ ತೊಡಕಾಗದು. ಅಲ್ಲಿ ಗೆನ್ ಎಂಬ ಖಡ್ಗಮೃಗ ಸಿಗುತ್ತಾನೆ, ಇನಾಮಿಗಾಗಿ ಕಳ್ಳಕಾಕರನ್ನು ಹಿಡಿದುಕೊಡುವವನು, ಉಸಾಗಿಯ ಜೀವದ ಗೆಳೆಯ. ಅವನ ಜೊತೆ ಖಾನಾವಳಿಗೆ ಮಾತ್ರ ಹೋಗಬೇಡಿ. ಉಂಡೆದ್ದು ಮೆಲ್ಲಗೆ ಜಾಗ ಖಾಲಿ ಮಾಡುತ್ತಾನೆ, ಬಿಲ್ ಪ್ರತಿಸಲವೂ ಮೊಲದ ತಲೆಗೆ.